ನಾಲ್ಕನೆಯ ಪ್ಲಗ್

ಮೂರು ಪ್ಲಗ್ಗುಗಳು ಹೇಳಿದ ಮಾತು ಕೇಳಿ ಹೊರಗೆ ಬಂದಿದ್ದವು, ಅವುಗಳ ಜಾಗದಲ್ಲಿ ಹೊಸವು ಕೂತೂ ಆಗಿತ್ತು. ನಾಲ್ಕನೆಯದು ಮಾತ್ರ ಊಟವಾದ ಮೇಲೂ ಏಳದ ನೆಂಟನ ಹಾಗೆ ಒಳಮೂಲೆ ಹಿಡಿದು ಕೂತಿತ್ತು. ಆ ಟ್ರಕ್ಕಿನ ಇಂಜಿನ್ ಇರುವುದೇ ಡ್ರೈವರ್ ಸೀಟಿನ ಕೆಳಗೆ. ಸೀಟು ಎತ್ತಿ ತಗಡಿನ ಮುಚ್ಚಳ ತೆಗೆದರೆ ಮೂರು ಪ್ಲಗ್ಗುಗಳ ಜಾಗ ಕಣ್ಣಿಗೆ ಕಾಣುತ್ತದೆ. ನಾಲ್ಕನೆಯದು ಹಿಂದಿನ ಕಬ್ಬಿಣದ ಗೋಡೆಗೂ ಸೈಲೆನ್ಸರಿನ ಪೈಪಿಗೂ ನಡುವಿನ ಸಂದಿಯಲ್ಲಿ. ಅಲ್ಲಿಗೆ ಕಣ್ಣು ಹೋಗಬೇಕೆಂದರೆ ಕೈ ಹೊರಗಿರಬೇಕು, ಕೈ ಹೋಗಬೇಕೆಂದರೆ ಕಣ್ಣು ಹೊರಗಿರಬೇಕು. ಈ ಗಾಡಿ ಮಾಡಿದವನು ತನ್ನ ಜನ್ಮದಲ್ಲಿ ಒಂದು ಸಲವೂ ಪ್ಲಗ್ ಬದಲಿಸಿರಲಿಕ್ಕಿಲ್ಲ ಎಂದು ಅಪ್ಪ ಹಣಮಪ್ಪ ಪ್ರತಿ ಸಲವೂ ಬಯ್ಯುತ್ತಿದ್ದ. ಬಯ್ಯುತ್ತಲೇ ಭುಜದವರೆಗೆ ಕೈ ಇಳಿಬಿಟ್ಟು, ಮುಖವನ್ನು ಬೀದಿಯ ಕಡೆ ತಿರುಗಿಸಿ, ಹೋಗಿ ಬರುವವರ ಜೊತೆ ಮಾತಾಡುತ್ತ ಆ ಕೆಲಸ ಮುಗಿಸುತ್ತಿದ್ದ. ಅಪ್ಪ ಹೋಗಿ ಇನ್ನೂ ತಿಂಗಳಾಗಿರಲಿಲ್ಲ. ಕೃಷ್ಣಾತ ಕ್ಯಾಬಿನ್ನಿನಲ್ಲಿ ಮೊಣಕಾಲೂರಿ ಕೂತು ಆ ಕತ್ತಲೆಯ ಸಂದಿಯನ್ನು ನೋಡುತ್ತಿದ್ದ.

ಇಚಲಕರಂಜಿಯ ಆ ಓಣಿಯಲ್ಲಿ ಎರಡೂ ಕಡೆ ಮಗ್ಗದ ಶೆಡ್ಡುಗಳು. ಬೆಳಗಿನಿಂದ ಖಟಕ್ ಖಟಕ್ ಸದ್ದು ನಡೆದೇ ಇತ್ತು. ಹುಟ್ಟಿದಾಗಿನಿಂದ ಕೇಳಿದ್ದರಿಂದ ಅದು ಅವನ ಕಿವಿಗೆ ಬೀಳುತ್ತಲೇ ಇರಲಿಲ್ಲ, ನಿಂತರೆ ಮಾತ್ರ ಗೊತ್ತಾಗುತ್ತಿತ್ತು. ಮೊನ್ನೆ ಗಡಹಿಂಗ್ಲಜ ಕಡೆಯ ಏರಿನಲ್ಲಿ ಇಂಜಿನ್ ಕುಂಟತೊಡಗಿತ್ತು. ನಾಲ್ಕರಲ್ಲಿ ಒಂದು ಕಿಡಿ ಕೊಡುತ್ತಿಲ್ಲ ಎಂಬುದು ಕೈಯಿಂದಲೇ ತಿಳಿಯುವಷ್ಟು ಸ್ಟೇರಿಂಗ್ ನಡುಗಿತ್ತಂತೆ. ಅಂತೆ ಯಾಕೆಂದರೆ ಅವನಿಗೆ ತಿಳಿದಿರಲಿಲ್ಲ; ಪಕ್ಕದಲ್ಲಿ ಕೂತಿದ್ದ ಹಮಾಲ, 'ಸ್ಟೇರಿಂಗ್ ಹಿಂಗ ನಡಗಾಕತ್ತೈತಿ, ನಿಮಗ ಕೈ ಝುಮ್ ಅನ್ನವಲ್ದೇನ್ರಿ?' ಎಂದು ಕೇಳಿದ ಮೇಲೆ, ಹೌದಲ್ಲ ಎಂಬಂತೆ ತಲೆಯಾಡಿಸಿದ್ದ. ಅದೊಂದು ಅಭ್ಯಾಸವಾಗಿಬಿಟ್ಟಿತ್ತು. ಚಹಾದ ಕಪ್ಪು ಕೊಟ್ಟವರು ಬಿಸಿ ಐತಿ ನೋಡ್ರಿ ಎಂದರೆ, ಹೂಂ, ಭಾಳ ಬಿಸಿ ಎನ್ನುವುದು. ಜಾತ್ರೆಗೆ ಹೋದಾಗ ಮಗಳು ಸ್ನೇಹಲ ಬೆರಳು ಹಿಡಿದು ನಡೆಯುತ್ತಿದ್ದರೆ, ಹಿಡಿದಿದ್ದಾಳೋ ಬಿಟ್ಟಿದ್ದಾಳೋ ಎಂದು ಆಗಾಗ ಬಗ್ಗಿ ನೋಡಿಕೊಳ್ಳುವುದು. ಗೋಕುಳ ಶಿರಗಾಂವದ ಒಂದು ಫೌಂಡ್ರಿಯಲ್ಲಿ ಅವನು ವರ್ಷಗಟ್ಟಲೆ ಗ್ರೈಂಡಿಂಗ್ ಮಾಡಿದ್ದ. ಎರಕದ ಅಂಚು ತೇಯುವ ಮಷೀನು ಕೈಯೊಳಗೆ ಇಡೀ ದಿನ ನಡುಗುತ್ತಿತ್ತು, ರಾತ್ರಿ ಮಲಗಿದ ಮೇಲೂ ಕೈ ನಡುಗುತ್ತಿತ್ತು. ಒಂದು ಚಳಿಗಾಲ ಬೆರಳಿನ ತುದಿಗಳು ಬೆಳ್ಳಗಾದವು. ಆಮೇಲೆ ನಡುಕ ನಿಂತಿತು. ನಿಂತದ್ದು ಒಳ್ಳೆಯದಾಯಿತೆಂದೇ ಅವನು ತಿಳಿದಿದ್ದ. ಕೆಲಸ ಬಿಟ್ಟು ಅಪ್ಪನ ಜೊತೆ ಟ್ರಕ್ಕಿಗೆ ಬಂದ ಮೇಲೆ ಒಂದು ದಿನ ಸ್ಕ್ರೂ ಬಿಗಿಯುವಾಗ ಸ್ಕ್ರೂ ಕೈಯಲ್ಲಿಲ್ಲ ಎಂಬುದು ಕಣ್ಣಿನಿಂದ ಗೊತ್ತಾಯಿತು. ಯಾರಿಗೂ ಹೇಳಲಿಲ್ಲ. ಕೈ ಸತ್ತ ಡ್ರೈವರನಿಗೆ ಲೋಡು ಯಾರು ಕೊಡುತ್ತಾರೆ?

ಕಿಸೆಯಲ್ಲಿ ಫೋನು ಬಡಿದುಕೊಂಡಿತು. ನೂಲಿಗೆ ಗಂಜಿ ಹಾಕಿ ದೊಡ್ಡ ಉರುಳೆಗೆ ಸುತ್ತುವ ಸೈಝಿಂಗ್ ಕಾರಖಾನೆಯ ಮುಕಾದಮ. ನೂಲು ಸುತ್ತಿದ ಆ ಬೀಮುಗಳನ್ನು ಕೊರೋಚಿಯ ಮಗ್ಗಗಳಿಗೆ ಮುಟ್ಟಿಸುವುದೇ ಈ ಗಾಡಿಯ ಕಾಯಂ ಕೆಲಸ. 'ಉದ್ಯಾ ಸಕಾಳಿ ಯೇಣಾರ ನಾ?' ನಾಳೆ ಬೆಳಿಗ್ಗೆ ಬರುತ್ತೀಯಲ್ಲ ಎಂಬ ಪ್ರಶ್ನೆ. 'ಹೋ, ಯೇತೋ' ಎಂದು ಇವನೂ ಮರಾಠಿಯಲ್ಲೇ ಹೇಳಿ ಇಟ್ಟ. ಸೂತಕ ಕಳೆಯುವವರೆಗೆ ಮುಕಾದಮ ಬೇರೆ ಗಾಡಿ ಕರೆದಿದ್ದ, ಇನ್ನು ಮೇಲೂ ಕರೆಯಲು ಅವನಿಗೇನೂ ಸಂಕೋಚವಿರಲಿಕ್ಕಿಲ್ಲ. ಹಳೆಯ ಪ್ಲಗ್ಗನ್ನು ಉದ್ದನೆಯ ಸ್ಪ್ಯಾನರ್ ಪಾನಾದಿಂದ ಹೇಗೋ ಬಿಚ್ಚಿ ತೆಗೆದದ್ದಾಯಿತು; ಬಿಚ್ಚುವುದಕ್ಕೆ ಬರೀ ತಾಕತ್ತು ಸಾಕು. ಹೊಸದನ್ನು ಕೂರಿಸುವುದು ಹಾಗಲ್ಲ. ಮೊದಲ ನಾಲ್ಕು ಸುತ್ತು ಬೆರಳಿನಿಂದಲೇ ತಿರುಗಿಸಬೇಕು, ಪ್ಲಗ್ಗಿನ ಆಟೆ, ಅಂದರೆ ಸುರುಳಿ ಗೆರೆ, ತೂತಿನ ಆಟೆಗೆ ಸರಿಯಾಗಿ ಕೂತಿದೆಯೋ ಇಲ್ಲವೋ ಬೆರಳೇ ಹೇಳಬೇಕು. ಓರೆ ಕೂತದ್ದನ್ನು ಪಾನಾ ಹಾಕಿ ತಿರುಗಿಸಿದರೆ ಮೆತ್ತನೆಯ ಅಲ್ಯೂಮಿನಿಯಮ್ಮಿನ ಆಟೆ ಕಿತ್ತುಹೋಗುತ್ತದೆ, ಇಡೀ ಹೆಡ್ಡು ಇಳಿಸಬೇಕಾಗುತ್ತದೆ, ಗಾಡಿ ಮನೆ ಮುಂದೆ ನಿಲ್ಲುತ್ತದೆ. ಎದುರಿಗಿದ್ದ ಮೂರನ್ನು ಅವನು ಕಣ್ಣಿನಿಂದ ನೋಡಿ ಕೂರಿಸಿದ್ದ. ಅಪ್ಪ ಇದಕ್ಕೆಂದೇ ರಬ್ಬರಿನ ಒಂದು ಗೇಣುದ್ದದ ನಳಿಗೆ ಇಟ್ಟುಕೊಂಡಿದ್ದ. ಅದರ ಬಾಯಿಗೆ ಪ್ಲಗ್ ಸಿಕ್ಕಿಸಿ ಮೇಲಿನಿಂದ ತಿರುಗಿಸುತ್ತಿದ್ದ, ಆಟೆ ತಪ್ಪಿದರೆ ನಳಿಗೆ ತಾನೇ ಜಾರುತ್ತಿತ್ತು. ಅದು ಅವನ ಖಾಕಿ ಅಂಗಿಯ ಕಿಸೆಯಲ್ಲಿರುತ್ತಿತ್ತು. ಹತ್ತನೆಯ ದಿನ ಅಪ್ಪನ ಬಟ್ಟೆಗಳನ್ನು ದಾನ ಕೊಟ್ಟಾಗ ಕಿಸೆ ಯಾರೂ ನೋಡಲಿಲ್ಲ.

ನದಿಯ ದಂಡೆಯಲ್ಲಿ ಪಿಂಡವಿಟ್ಟಾಗ ಕಾಗೆ ಕಾಯಿಸಲಿಲ್ಲ. ಬೇರೆಯವರ ಪಿಂಡಗಳ ಮುಂದೆ ಜನ ಕೈ ಮುಗಿದು ನಿಂತು, ಮಗಳ ಮದುವೆ ಮಾಡ್ತೇವಿ, ತಮ್ಮನ್ನ ನೋಡ್ಕೋತೇವಿ ಎಂದು ಸತ್ತವರಿಗೆ ಒಂದೊಂದೇ ಭಾಷೆ ಕೊಡುತ್ತಿದ್ದರು. ಇವರು ಹಿಂದೆ ಸರಿದು ನಿಲ್ಲುವ ಮೊದಲೇ ಒಂದು ಕಾಗೆ ಇಳಿದು ಅನ್ನಕ್ಕೆ ಬಾಯಿ ಹಾಕಿತು. ಹಣಮಪ್ಪ ಸಮಾಧಾನದಿಂದ ಹೋಗ್ಯಾನ, ಆಸೆ ಏನೂ ಉಳಿದಿಲ್ಲ ಎಂದರು ಜನ. ಅವ್ವ ಧೊಂಡುಬಾಯಿ ಸೆರಗಿನಿಂದ ಮುಖ ಒರೆಸಿಕೊಂಡು, 'ಉಳದಿರಾಕ ಏನೈತ್ರಿ, ಹೋಗೂ ಮುಂದ ಮಗನ ಕೈ ಒತ್ತಿ ಹೋದ್ರು' ಎಂದಳು. ಅದನ್ನು ಅವಳು ದವಾಖಾನೆಯ ಮೆಟ್ಟಿಲಲ್ಲಿ ಒಮ್ಮೆ ಹೇಳಿದ್ದಳು, ಮನೆಗೆ ಬಂದ ಪ್ರತಿಯೊಬ್ಬರಿಗೂ ಹೇಳಿದ್ದಳು, ಎದುರು ಮನೆಯವರಿಗೆ ಮರಾಠಿಯಲ್ಲೂ ಹೇಳಿದ್ದಳು. ಹೇಳುವಾಗ ಪ್ರತಿ ಸಲ ತನ್ನ ಎಡಗೈಯಿಂದ ಬಲಗೈ ಒತ್ತಿ ತೋರಿಸುತ್ತಿದ್ದಳು. ಅಲ್ಲಿಯವರೆಗೆ ಬಿಕ್ಕುತ್ತಿದ್ದವಳು ಆ ಮಾತಿಗೆ ಬಂದ ಕೂಡಲೇ ತುಸು ನೆಟ್ಟಗಾಗುತ್ತಿದ್ದಳು. ಕೃಷ್ಣಾತ ಪ್ರತಿ ಸಲ ನೆಲ ನೋಡುತ್ತಿದ್ದ, ಜನ ಅದನ್ನು ದುಃಖವೆಂದು ತಿಳಿಯುತ್ತಿದ್ದರು. ಅವನಿಗೆ ಒಂದು ಹನಿ ಅಳು ಬಂದಿರಲಿಲ್ಲ. ಬರಲಿಲ್ಲವಲ್ಲ ಎಂದು ನಾಚಿಕೆಯಾಗಿತ್ತು, ಆ ನಾಚಿಕೆಯೂ ಈಗೀಗ ಮಂಕಾಗಿತ್ತು.

ಹೊಸ ಪ್ಲಗ್ಗನ್ನು ಬಲಗೈಯ ಬೆರಳುಗಳಲ್ಲಿ ಹಿಡಿದು ಸಂದಿಗೆ ಇಳಿಸಿದ. ಹಿಡಿದಿದ್ದೇನೆ ಎಂದುಕೊಂಡಿದ್ದ, ಕೆಳಗೆ ಟಣ್ ಎಂದಿತು. ಉದ್ದ ಕಡ್ಡಿಯ ಅಯಸ್ಕಾಂತ ಹಾಕಿ ಎತ್ತಿದ, ತುದಿಯ ಅಂತರ ಕೆಟ್ಟಿಲ್ಲವೆಂದು ಬೆಳಕಿಗೆ ಹಿಡಿದು ನೋಡಿದ, ಮತ್ತೆ ಇಳಿಸಿದ. ಎಡಗೈ ಆ ಕಡೆಯಿಂದ ತಿರುಗುತ್ತಿರಲಿಲ್ಲ, ಗೋಡೆ ಅಡ್ಡ. ಹಳೆಯ ನೀರಿನ ಪೈಪಿನ ಒಂದು ತುಂಡು ಕತ್ತರಿಸಿ ಅಪ್ಪನ ನಳಿಗೆಯ ಹಾಗೆ ಮಾಡಲು ನೋಡಿದ, ಅದು ಸಡಿಲಾಗಿ ಕಳಚಿತು. ಈ ನಾಲ್ಕನೆಯದನ್ನು ಅಪ್ಪ ಒಮ್ಮೆಯೂ ಅವನಿಗೆ ಬಿಟ್ಟಿರಲಿಲ್ಲ. 'ನಿನ್ನ ಕೈ ದೊಡ್ಡದು, ಸರಿ ಅತ್ತ' ಎನ್ನುತ್ತಿದ್ದ. ಇಬ್ಬರ ಕೈಯೂ ಒಂದೇ ಅಳತೆಯದು. ಇದು ಈಗ ತಾನೇ ಅವನಿಗೆ ಹೊಳೆಯಿತು, ಹೊಳೆದದ್ದನ್ನು ಮುಂದುವರಿಸದೆ ಅಲ್ಲೇ ಬಿಟ್ಟ. ಯಾವ ಪ್ಲಗ್ಗು ಕೆಟ್ಟಿದೆಯೆಂದು ನೋಡಲು ಬೆಳಿಗ್ಗೆ ಇಂಜಿನ್ ಬಹಳ ಹೊತ್ತು ಚಾಲೂ ಇಟ್ಟಿದ್ದ. ಆರಲು ಬಿಡಬೇಕಿತ್ತು, ಬಿಟ್ಟಿರಲಿಲ್ಲ. ಮೂರನೆಯ ಸಲ ಕೈ ಇಳಿಸಿ, ಅಪ್ಪನ ಹಾಗೆಯೇ ಮುಖವನ್ನು ಬೀದಿಗೆ ತಿರುಗಿಸಿ, ಬೆರಳು ಏನಾದರೂ ಹೇಳೀತೆಂದು ಕಾಯುತ್ತ ಕೂತ.

ಕೊಲ್ಹಾಪುರದ ದವಾಖಾನೆಯ ಆ ವಾರ್ಡಿನಲ್ಲೂ ಹೀಗೇ ಕೂತಿದ್ದ. ಸ್ಟೂಲು, ಅಪ್ಪನ ಹಾಸಿಗೆ, ತನ್ನ ಬಲಗೈಯಲ್ಲಿ ಅಪ್ಪನ ಕೈ. ಅವ್ವ ಚಹಾ ತರಲು ಕೆಳಗೆ ಹೋಗಿದ್ದಳು. ಪಕ್ಕದ ಹಾಸಿಗೆಯ ರೋಗಿಯ ಅಣ್ಣ ಮೊಬೈಲಿನಲ್ಲಿ ಕುಸ್ತಿ ನೋಡುತ್ತಿದ್ದ. ಕೆಂಪು ಮಣ್ಣಿನಲ್ಲಿ ಒಬ್ಬ ಇನ್ನೊಬ್ಬನ ಕಾಲಿಗೆ ಪಟ್ಟು ಹಾಕಿ ಎಷ್ಟೋ ಹೊತ್ತು ಬಿಡದೆ ಹಿಡಿದಿದ್ದ. ಬೀಳುತ್ತಾನೋ ಇಲ್ಲವೋ ಎಂದು ಕೃಷ್ಣಾತನೂ ಕತ್ತು ಉದ್ದ ಮಾಡಿ ನೋಡುತ್ತಿದ್ದ. ನರ್ಸು ಬಂದು ಅಪ್ಪನ ಕಣ್ಣಿಗೆ ಬೆಳಕು ಬಿಟ್ಟು, ಗಡಿಯಾರ ನೋಡಿ, ಅವನ ಕೈಯಿಂದ ಅಪ್ಪನ ಕೈಯನ್ನು ಬಿಡಿಸಿ ಎದೆಯ ಮೇಲಿಟ್ಟಳು. ಆಗಲೇ ಅವನಿಗೆ ಗೊತ್ತಾದದ್ದು. ಯಾವಾಗ ಹೋದ, ಕುಸ್ತಿ ಶುರುವಾಗುವ ಮೊದಲೋ ಆಮೇಲೋ, ಕೈ ಯಾವಾಗ ತಣ್ಣಗಾಯಿತು, ಯಾವುದೂ ತಿಳಿಯಲಿಲ್ಲ. ಪ್ಲಾಸ್ಟಿಕ್ ಚೀಲದಲ್ಲಿ ಚಹಾ ಹಿಡಿದು ಮೆಟ್ಟಿಲು ಹತ್ತಿ ಬಂದ ಅವ್ವ, ನಿಂತಲ್ಲೇ ಎಲ್ಲ ನೋಡಿ, ಕೇಳಿದ್ದು ಒಂದೇ ಮಾತು: 'ಏನರೆ ಅಂದ್ರೇನೋ?' ಅವನ ಬಾಯಿ ತಾನಾಗಿ ಹೇಳಿತು, 'ಕೈ ಒತ್ತಿದ್ರವ್ವ.' ಬಿಸಿ ಐತಿ ನೋಡ್ರಿ ಎಂದವರಿಗೆ ಹೂಂ ಎನ್ನುವ ಅದೇ ಬಾಯಿ. ಸುಳ್ಳು ಹೇಳಿದೆನಲ್ಲ ಎಂಬುದು ಅವನನ್ನು ಅಷ್ಟು ಕಾಡಲಿಲ್ಲ. ಒತ್ತಿದ್ದರೆ ಎಂಬುದೇ ಕಾಡುತ್ತಿತ್ತು. ಅಪ್ಪ ನಿಜಕ್ಕೂ ಒತ್ತಿರಬಹುದು, ಇವನು ತಿರುಗಲಿಲ್ಲವೆಂದು ಇನ್ನೊಮ್ಮೆ ಒತ್ತಿರಬಹುದು, ಕುಸ್ತಿ ನೋಡುತ್ತಿದ್ದ ಮಗನ ಕತ್ತನ್ನು ನೋಡುತ್ತ ಹೋಗಿರಬಹುದು.

'ಏನೋ ಸುಟ್ಟ ವಾಸನಿ ಬರಾಕತ್ತೈತಲ್ಲೋ.'

ಅವ್ವ ಹೊಸ್ತಿಲಲ್ಲಿ ನಿಂತಿದ್ದಳು. ಕೃಷ್ಣಾತನ ಹೆಂಡತಿ ಮಗಳನ್ನು ಕರೆದುಕೊಂಡು ದಾನೋಳಿಯ ತವರಿಗೆ ಹೋಗಿದ್ದರಿಂದ ಮನೆಯಲ್ಲಿ ಅವರಿಬ್ಬರೇ.

'ಅರಬಿ ಇರಬೇಕು ಬಿಡವ್ವ. ಎಣ್ಣಿ ಒರಸೂ ಅರಬಿ.'

'ಅರಬಿದಲ್ಲ.' ಅವಳು ಇಳಿದು ಬಂದು ಗಾಡಿಯ ಮೆಟ್ಟಿಲ ಮೇಲೆ ಕಾಲಿಟ್ಟು ಇಣುಕಿದಳು. ಆಮೇಲೆ ಅವನ ಮೊಣಕೈ ಹಿಡಿದು ಜೋರಾಗಿ ಮೇಲೆಳೆದಳು. ಬಲಗೈಯ ಕಿರುಬೆರಳು, ಉಂಗುರ ಬೆರಳು, ಅವುಗಳ ಕೆಳಗಿನ ಅಂಗೈ ಅಂಚು, ಮೂರೂ ಪೈಪಿಗೆ ಒರಗಿ ಕೂತಿದ್ದವು. ಚರ್ಮ ಬೆಳ್ಳಗಾಗಿ ಒಂದು ಕಡೆ ಸುಲಿದು ಬಂದಿತ್ತು. ಕೃಷ್ಣಾತ ಅದನ್ನು ಬೇರೆ ಯಾರದೋ ಕೈ ನೋಡುವಂತೆ ನೋಡಿದ. ಈಗ ಹಾ ಎಂದು ಕೂಗಿದರೆ ಸರಿಹೋಗುತ್ತದೆ ಎಂದು ಒಂದು ಕ್ಷಣ ಅನ್ನಿಸಿತು. ಆದರೆ ಹೊತ್ತು ಮೀರಿತ್ತು, ಅವ್ವ ಕೈಯನ್ನು ನೋಡುತ್ತಿರಲಿಲ್ಲ, ಅವನ ಮುಖವನ್ನೇ ನೋಡುತ್ತಿದ್ದಳು.

'ತಿಳೀಲಿಲ್ಲೇನು?'

ಅವನು ಎಣ್ಣೆ ಒರೆಸುವ ಬಟ್ಟೆಯ ಕಡೆ ಎಡಗೈ ಚಾಚಿದ.

'ಎಂದಿನಿಂದ ಹಿಂಗ?'

'ಫೌಂಡ್ರಿ ಬಿಟ್ಟಾಗಿಂದ. ಮೊದಲ ಬರೇ ತುದಿ ಇತ್ತು.'

'ಎರಡೂ ಕೈಯೇನು?'

'ಬಲದ್ದ ಜಾಸ್ತಿ.'

ಮಗ್ಗಗಳು ಬಡಿಯುತ್ತಲೇ ಇದ್ದವು. ಅವ್ವ ಸುಟ್ಟ ಕೈಯನ್ನು ಇನ್ನೂ ಬಿಟ್ಟಿರಲಿಲ್ಲ. ಅವಳು ಏನನ್ನು ಜೋಡಿಸುತ್ತಿದ್ದಾಳೆಂದು ಅವನಿಗೆ ಗೊತ್ತಾಗುತ್ತಿತ್ತು. ಮಗ್ಗದಲ್ಲಿ ಒಂದು ಬೀಮಿನ ನೂಲು ಮುಗಿದು ಹೊಸ ಬೀಮು ಏರಿಸಿದಾಗ, ಹಳೆಯ ಎಳೆಗೆ ಹೊಸ ಎಳೆಯನ್ನು ಒಂದೊಂದಾಗಿ ಕೂಡಿಸಬೇಕು. ಅದಕ್ಕೆ ವಹಿಫಣಿ ಎನ್ನುತ್ತಾರೆ. ಅವಳು ಆಯುಷ್ಯವಿಡೀ ಮಾಡಿದ್ದು ಅದನ್ನೇ. ಬೆರಳಿಗೆ ಬೂದಿ ಹಚ್ಚಿಕೊಂಡು, ಪಕ್ಕದವಳ ಜೊತೆ ಹರಟುತ್ತ, ಎರಡು ಎಳೆ ಹೊಸೆದು ಬಿಡುತ್ತಿದ್ದಳು, ಒಂದೂ ತಪ್ಪುತ್ತಿರಲಿಲ್ಲ.

'ದವಾಖಾನ್ಯಾಗ ಯಾವ ಕೈಲೆ ಹಿಡದಿದ್ದಿ?'

ಎಡಗೈ ಎಂದುಬಿಡಬಹುದಿತ್ತು. ನಾಲಿಗೆಯ ತುದಿಗೆ ಬಂದೂ ಇತ್ತು. ಮುದುಕಿ ಆ ಒಂದು ಮಾತಿನ ಮೇಲೆ ಊಟ ಮಾಡುತ್ತಿದ್ದಾಳೆ, ಅದರ ಮೇಲೆ ಮಲಗುತ್ತಿದ್ದಾಳೆ ಎಂಬುದು ಅವನಿಗೆ ಚೆನ್ನಾಗಿ ಗೊತ್ತಿತ್ತು. ಆದರೆ ಅವಳ ಕೈಯಲ್ಲಿ ಬಿದ್ದಿದ್ದ ಆ ಸುಟ್ಟ ಬೆರಳುಗಳನ್ನು ನೋಡುತ್ತ ಇನ್ನೊಂದು ಸುಳ್ಳು ಹೇಳುವಷ್ಟು ಚುರುಕು ಅವನಲ್ಲಿ ಉಳಿದಿರಲಿಲ್ಲ.

'ಇದರಲೆ' ಎಂದ.

ಅವಳು ತಲೆಯಾಡಿಸಿದಳು. ಬಯ್ಯಲಿಲ್ಲ, ಅಳಲಿಲ್ಲ. ಬೀದಿಯಲ್ಲಿ ಬೀಮು ಹೊತ್ತ ಕೈಗಾಡಿಯೊಂದು ಹೋಯಿತು, ಅದು ತಿರುವಿನಲ್ಲಿ ಮರೆಯಾಗುವವರೆಗೂ ನೋಡಿದಳು. ಆಮೇಲೆ, 'ಆ ಪೈಪಿಗೆ ಒಂದು ಹಸಿ ಗೋಣಿ ಹಾಕು' ಎಂದಳು. 'ನಾಳಿ ಗಾಡಿ ಹೋಗಬೇಕಲ್ಲ. ಸರಿ ಅತ್ತ.'

ಅದೇ ಮಾತು, ಸರಿ ಅತ್ತ. ಗೋಣಿ ನೆನೆಸಿ ಪೈಪಿನ ಮೇಲೆ ಹಾಸಿ ಅವನು ಸರಿದ. ಅವ್ವ ಸೆರಗು ಸಿಕ್ಕಿಸಿ, ಕಂಬಿ ಹಿಡಿದು ಕ್ಯಾಬಿನ್ನು ಹತ್ತಿ, ಎತ್ತಿದ ಸೀಟಿನ ಪಕ್ಕದಲ್ಲಿ ಮೊಣಕಾಲೂರಿದಳು. ಇಷ್ಟು ವರ್ಷ ಈ ಗಾಡಿಯ ಅನ್ನ ಉಂಡವಳು ಅದರ ಇಂಜಿನ್ ನೋಡಿದ್ದು ಅದೇ ಮೊದಲಿರಬೇಕು. ಪ್ಲಗ್ಗನ್ನು ತಿರುಗಿಸಿ ತಿರುಗಿಸಿ ನೋಡಿ, ಅದರ ಸುರುಳಿ ಗೆರೆಗಳ ಮೇಲೆ ಹೆಬ್ಬೆರಳು ಆಡಿಸಿದಳು.

'ಹೆಂಗ ಹೋಗಬೇಕಿದು?'

'ಮೊದಲ ಉಲ್ಟಾ ತಿರುವು, ಹಗರಕ. ಒಂದ ಕಡೆ ಟಪ್ ಅಂತ ಕೆಳಗ ಇಳಿತೈತಿ. ಆವಾಗ ಸುಲ್ಟಾ.'

ಅವ್ವನ ಕೈ ಸಂದಿಯೊಳಗೆ ಸಲೀಸಾಗಿ ಇಳಿಯಿತು. ಅಪ್ಪ ಇದ್ದಾಗಾಗಿದ್ದರೆ ಮೊಣಕೈವರೆಗಿನ ಹಸಿರು ಬಳೆಗಳು ಕಬ್ಬಿಣಕ್ಕೆ ತಾಗಿ ನಿಲ್ಲುತ್ತಿದ್ದವು. ಬರಿಗೈ ಎಲ್ಲೂ ತಾಗಲಿಲ್ಲ. ಅವಳು ಮುಖವನ್ನು ಬೀದಿಗೆ ತಿರುಗಿಸಿ ಕಣ್ಣು ಮುಚ್ಚಿಕೊಂಡಳು. ಅವಳ ರಟ್ಟೆ ಮಾತ್ರ ತುಸು ತುಸು ತಿರುಗುತ್ತಿತ್ತು. ಒಮ್ಮೆ ನಿಂತಿತು, ಹಿಂದಕ್ಕೆ ಹೋಯಿತು, ಮತ್ತೆ ನಿಂತಿತು.

'ಅಪ್ಪಗ ಗೊತ್ತಿತ್ತೇನು, ನಿನ್ನ ಕೈದು?' ಕಣ್ಣು ತೆರೆಯದೆ ಕೇಳಿದಳು.

'ನಾ ಹೇಳಿರಲಿಲ್ಲ. ಆದ್ರ ಇದೊಂದ ಪ್ಲಗ್ ನನಗ ಹಾಕಾಕ ಬಿಡತಿರಲಿಲ್ಲ.'

ಅವಳ ರಟ್ಟೆ ಇನ್ನೊಮ್ಮೆ ಹಿಂದಕ್ಕೆ ತಿರುಗಿತು. ಸ್ವಲ್ಪ ಹೊತ್ತಿಗೆ, 'ಇಳೀತು' ಎಂದಳು. ಆಮೇಲೆ ಸುತ್ತಿನ ಮೇಲೆ ಸುತ್ತು, ನೂಲು ಹೊಸೆಯುವಷ್ಟೇ ಹಗುರಾಗಿ, ಇನ್ನು ತಿರುಗುವುದಿಲ್ಲ ಎನ್ನುವವರೆಗೆ. 'ಕುಂತೈತಿ. ನೋಡು.' ಅವನು ಪಾನಾ ಹಾಕಿ ಬಿಗಿದು, ಮೇಲೆ ಕಾಯಿಲ್ ಕೂರಿಸಿ, ಚಾವಿ ತಿರುಗಿಸಿದ. ಇಂಜಿನ್ ಒಮ್ಮೆ ಕೆಮ್ಮಿ ಹಿಡಿದುಕೊಂಡಿತು. ನಾಲ್ಕೂ ನಡೆಯುತ್ತಿದ್ದವು. ಅದು ಅವನಿಗೆ ಕಿವಿಯಿಂದ ತಿಳಿಯಿತು. ಅವ್ವ ಅಂಗೈಯನ್ನು ಸ್ಟೇರಿಂಗ್ ಮೇಲಿಟ್ಟು ನೋಡಿ, 'ನಡಗವಲ್ದು' ಎಂದಳು.

ಗಾಡಿ ಬಂದ್ ಮಾಡಿ ಒಳಗೆ ಹೋಗುವಷ್ಟರಲ್ಲಿ ಗಡಹಿಂಗ್ಲಜದಿಂದ ರಾಯಪ್ಪ ಬಂದ. ಅಲ್ಲಿ ಅವನದು ಮೆಣಸಿನಕಾಯಿ ಅಡತಿ, ದಲ್ಲಾಳಿ ಅಂಗಡಿ. ಅಪ್ಪ ಸುಗ್ಗಿಯಲ್ಲಿ ಅವನ ಚೀಲಗಳನ್ನು ಹೇರುತ್ತಿದ್ದ. ತಡವಾಗಿ ಸುದ್ದಿ ಸಿಕ್ಕಿತೆಂದು ಬಾಗಿಲಲ್ಲೇ ನಾಲ್ಕು ಸಲ ಹೇಳಿದ. ಟೋಪಿ ತೆಗೆದು ತೊಡೆಯ ಮೇಲಿಟ್ಟುಕೊಂಡು ಗೋಡೆಗೆ ಒರಗಿ ಕೂತ, ಅವನಿಂದ ಬರುತ್ತಿದ್ದ ಮೆಣಸಿನಕಾಯಿ ಘಾಟಿಗೆ ಅವ್ವ ಸೀನಿದಳು. ಅವಳು ಒಂದು ವಾಟಿಯಲ್ಲಿ ಕೊಬ್ಬರಿ ಎಣ್ಣೆ ತಂದು ಕೃಷ್ಣಾತನ ಮುಂದೆ ಕೂತು, ಅವನ ಬಲಗೈ ತನ್ನ ಮಡಿಲಿಗೆ ಎಳೆದುಕೊಂಡು ಸುಟ್ಟಲ್ಲಿ ಹಚ್ಚತೊಡಗಿದಳು.

'ಏನಾತು ಕೈಗೆ?' ರಾಯಪ್ಪ ಕೇಳಿದ.

'ಇಂಜಿನ್ ಪೈಪ್ ತಾಗ್ತು' ಎಂದಳು ಅವ್ವ.

ಆಮೇಲೆ ಎಲ್ಲರೂ ಕೇಳುವುದನ್ನು ರಾಯಪ್ಪನೂ ಕೇಳಿದ. ಎಂದು ಎದೆ ಹಿಡಿಯಿತು, ಯಾರು ಒಯ್ದರು, ಡಾಕ್ಟರು ಏನೆಂದರು. ಅವ್ವ ಹೇಳುತ್ತ ಹೋದಳು. ಅವಳು ಹೇಳುವ ಆ ಸಾಲುಗಳು ಕೃಷ್ಣಾತನಿಗೆ ಬಾಯಿಪಾಠವಾಗಿದ್ದವು. ವಾರ್ಡು, ಸಲೈನು, ಬೆಳಿಗ್ಗೆ ಎರಡು ಚಮಚ ಗಂಜಿ. ಗಂಜಿಯಾದ ಮೇಲೆ ಚಹಾ, ಚಹಾ ಆದ ಮೇಲೆ ಅದು. ಅವನು ನೆಲ ನೋಡಲು ಸಿದ್ಧನಾದ. ನೆಲದ ಫರಸಿ ಕಲ್ಲಿನಲ್ಲಿ ಒಂದು ಸೀಳು ಇತ್ತು, ಈ ದಿನಗಳಲ್ಲಿ ಅದರ ಪರಿಚಯ ಚೆನ್ನಾಗಿ ಆಗಿತ್ತು.

'ಕಡೀಕ ಏನರ ಮಾತಾಡಿದನೇನ್ರಿ ವೈನಿ?'

ಎಣ್ಣೆ ಹಚ್ಚುತ್ತಿದ್ದ ಬೆರಳು ನಿಂತಿತು. ನಿಂತದ್ದನ್ನು ಅವನು ನೋಡಿದ.

'ಇಲ್ಲ ರಾಯಪ್ಪಣ್ಣ. ನಾ ಚಾ ತರಾಕ ಹೋಗಿದ್ದೆ. ಕೃಷ್ಣಾ ಅವರ ಕೈ ಹಿಡಕೊಂಡು ಕುಂತಿದ್ದ.' ಅವಳು ಮತ್ತೆ ಎಣ್ಣೆಗೆ ಬೆರಳು ಅದ್ದಿದಳು. 'ನಾ ಬರೂತನಕ ಬಾಜೂಕ ಕುಂತಿದ್ದ. ಎದ್ದು ಹೋಗಿರಲಿಲ್ಲ.'

ರಾಯಪ್ಪ ಇನ್ನೂ ಏನೋ ಇದೆಯೆಂದು ಕಾಯುತ್ತಿದ್ದ. ಮುಂದೆ ಏನೂ ಇರಲಿಲ್ಲ. ಅವನು, 'ಅಷ್ಟಾದ್ರೂ ಆತಲ್ರಿ, ಅಷ್ಟ ಬೇಕು' ಎಂದು ಟೋಪಿಯ ಅಂಚು ನೇರ ಮಾಡಿದ. ಅವ್ವ ಈ ಸಲ ನೆಟ್ಟಗಾಗಲಿಲ್ಲ, ಎಡಗೈಯಿಂದ ಬಲಗೈ ಒತ್ತಿ ತೋರಿಸಲೂ ಇಲ್ಲ. ಅವಳ ಎರಡೂ ಕೈಗಳು ಮಗನ ಕೈ ಹಿಡಿದಿದ್ದವು. ಅವಳ ಬೆನ್ನು ಇನ್ನಷ್ಟು ಬಾಗಿದ ಹಾಗೆ ಕಂಡು ಕೃಷ್ಣಾತನಿಗೆ ಏನೋ ಆಗಬೇಕಿತ್ತು. ಅವನು ಕೈಯನ್ನು ಅವಳ ಕಡೆ ಇನ್ನಷ್ಟು ಚಾಚಿದ.

'ಉರೀತೈತೇನೋ?' ಅವಳು ತಲೆಯೆತ್ತದೆ ಕೇಳಿದಳು.

ಹೂಂ ಎಂಬುದು ಬಾಯಲ್ಲಿ ಸಿದ್ಧವಾಗಿತ್ತು.

'ಇಲ್ಲವ್ವ' ಎಂದ. 'ಏನೂ ತಿಳಿವಲ್ದು.'

ರಾಯಪ್ಪ ಇಬ್ಬರನ್ನೂ ನೋಡಿದ. ಎಣ್ಣೆ ಹಚ್ಚಿ ಮುಗಿದಿತ್ತು, ವಾಟಿ ಬದಿಗೆ ಸರಿದಿತ್ತು. ಅವ್ವ ಆ ಕೈಯನ್ನು ಬಿಡಲಿಲ್ಲ. ಅವಳ ಬೆರಳು ಬಿಗಿಯಾಗುವುದು, ಸಡಿಲಾಗುವುದು, ಮತ್ತೆ ಬಿಗಿಯಾಗುವುದು ಕಾಣುತ್ತಿತ್ತು. ಒಂದು ಸಲವೂ ತಪ್ಪಿಹೋಗಬಾರದೆಂದು ಕೃಷ್ಣಾತ ಕಣ್ಣು ಕೀಳದೆ ನೋಡುತ್ತ ಕೂತ.